ಪರದೆಗೆ ಬಂದ ಅಕ್ಷರ, ಎದುರು ನಿಂತ ಕ್ಯಾಮೆರಾ

ಡಿಜೆ ಹಾಡು ಬೆರೆಸುವ ಹಾಗೆ ವೀಜೆ ದೃಶ್ಯ ಬೆರೆಸುತ್ತಾರೆ. ಆ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲೊಂದು ನೆದರ್ಲೆಂಡ್ಸ್‌ನ ರೆಸೊಲ್ಯೂಮ್. ಅದರ ಒಂದು ನಿಲುವು ನನಗೆ ಇಷ್ಟ. ಬರಹ, ಲೈವ್ ಕ್ಯಾಮೆರಾ, ಮೊದಲೇ ಮಾಡಿಟ್ಟ ವಿಡಿಯೊ ಈ ಮೂರಕ್ಕೂ ಅಲ್ಲಿ ಒಂದೇ ಪಂಕ್ತಿ. ಯಾವುದನ್ನಾದರೂ ಎಳೆದು ಚೌಕಕ್ಕೆ ಹಾಕಿದರೆ ಅದೊಂದು ಕ್ಲಿಪ್. ಲೇಯರ್ ಮೇಲೆ ಲೇಯರ್ ಕೂರಿಸಿ ಎಫೆಕ್ಟ್ ಹಚ್ಚಬಹುದು. ತೊಂದರೆ ಹುಟ್ಟುವುದೂ ಇಲ್ಲಿಂದಲೇ. ಕ್ಲಿಪ್ಪಿನಂತೆ ಸುಲಭವಾಗಿ ಸಿಕ್ಕಿದ್ದನ್ನು ಜನ ಕ್ಲಿಪ್ಪಿನಂತೆಯೇ ಖರ್ಚು ಮಾಡುತ್ತಾರೆ.

ಬಣ್ಣದ ಅಲೆಗಳನ್ನು ನೋಡುತ್ತ ಕುಣಿಯಬಹುದು, ಆದರೆ ಅಕ್ಷರ ಕಂಡೊಡನೆ ಕಣ್ಣು ಓದಲು ಹೊರಡುತ್ತದೆ, ಬೇಡವೆಂದರೂ ಬಿಡದು. ಇದನ್ನು ಚೆನ್ನಾಗಿ ಅರಿತು ಬಳಸಿದ ಪ್ರದರ್ಶನ ಯೂಟು ರಾಕ್ ತಂಡದ ಜೂ ಟಿವಿ. 1992ರ ಫೆಬ್ರುವರಿಯಲ್ಲಿ ಫ್ಲಾರಿಡಾದಲ್ಲಿ ಶುರುವಾದ ಆ ಪ್ರವಾಸದಲ್ಲಿ ಘೋಷಣೆಗಳು, ಬಿಡಿ ಪದಗಳು ಓದಿ ಮುಗಿಸಲಾಗದ ವೇಗದಲ್ಲಿ ಪರದೆಯ ಮೇಲೆ ಮಿಂಚಿ ಮಾಯವಾಗುತ್ತಿದ್ದವು. ಓದಲು ಬಿಡದಿರುವುದೇ ಅಲ್ಲಿನ ತಂತ್ರ. ಟಿವಿಯ ಗದ್ದಲವನ್ನು ಟಿವಿಯಿಂದಲೇ ಅಣಕಿಸಿದ್ದರು. ತಂಡದ ಗಾಯಕ ಬೊನೊ ಕೈಯಲ್ಲಿ ಕ್ಯಾಮೆರಾ ಹಿಡಿದು ಜನರನ್ನೇ ತೋರಿಸುತ್ತಿದ್ದ. ಪ್ರೇಕ್ಷಕರು ಒಂದು ಗೂಡಿನೊಳಗೆ ಹೋಗಿ ಹೇಳಿಕೊಂಡ ತಪ್ಪೊಪ್ಪಿಗೆಗಳು ಆಮೇಲೆ ಪರದೆಗೆ ಬರುತ್ತಿದ್ದವು. ಅಕ್ಷರಕ್ಕೂ ಕ್ಯಾಮೆರಾಕ್ಕೂ ಅಲ್ಲಿ ಹೇಳಲು ಏನೋ ಇತ್ತು. ಇಂದಿನ ಎಷ್ಟೋ ಪ್ರದರ್ಶನಗಳಲ್ಲಿ ಬರಹವೆಂದರೆ ಕಲಾವಿದರ ಹೆಸರು ತಾಳಕ್ಕೆ ತಕ್ಕಂತೆ ನಡುಗುವುದು, ಅಷ್ಟೆ. ನಡುವೆ ಪ್ರಾಯೋಜಕರ ಹೆಸರೂ ನಡುಗುತ್ತದೆ ಅನ್ನಿ.

ಕ್ಯಾಮೆರಾದ ಪಾಡು ಬೇರೆ. ವೇದಿಕೆಯ ಮೇಲಿನ ಮುಖವನ್ನು ದೊಡ್ಡದಾಗಿ ತೋರಿಸುವಷ್ಟಕ್ಕೆ ವೀಜೆ ಬೇಕಿಲ್ಲ. ಅಲ್ಲಿ ಕಾಡುವುದು ಚಿತ್ರ ತಡವಾಗಿ ಬರುವುದು. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್, ತಂತ್ರಾಂಶ, ಎಲ್‌ಇಡಿ ಗೋಡೆ ತಲಾ ಒಂದೆರಡು ಫ್ರೇಮ್ ತಿಂದರೆ ನೂರು ಮಿಲಿಸೆಕೆಂಡ್ ಕಳೆದದ್ದೇ ತಿಳಿಯದು. ಮುಂದಿನ ಸಾಲಿನವರಿಗೆ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ವೇದಿಕೆಯ ಸ್ಪೀಕರ್‌ನಿಂದ 34 ಮೀಟರ್ ದೂರ ನಿಂತವರಿಗೆ ಶಬ್ದವೂ ಅಷ್ಟೇ ತಡವಾಗಿ ತಲುಪುವುದರಿಂದ ಎರಡೂ ಕೂಡಿಕೊಳ್ಳುತ್ತವೆ!

ಈ ತಡವನ್ನು ಮುಚ್ಚಿಡುವ ಬದಲು ದುಡಿಸಿಕೊಳ್ಳುವವರು ನನ್ನ ಪಾಲಿಗೆ ನಿಜವಾದ ವೀಜೆಗಳು. ಕ್ಯಾಮೆರಾವನ್ನು ಅದರದೇ ಪರದೆಯತ್ತ ತಿರುಗಿಸಿದರೆ ಚಿತ್ರದೊಳಗೆ ಚಿತ್ರ ತುಸು ತಡವಾಗಿ ಹುಟ್ಟುತ್ತ ಸುರಂಗವಾಗುತ್ತದೆ. 1971ರಲ್ಲಿ ನ್ಯೂಯಾರ್ಕ್‌ನಲ್ಲಿ ದಿ ಕಿಚನ್ ಎಂಬ ಕಲಾಕೇಂದ್ರ ಕಟ್ಟಿದ ಸ್ಟೈನಾ ಮತ್ತು ವುಡಿ ವಸುಲ್ಕಾ ಇಂಥ ಫೀಡ್‌ಬ್ಯಾಕ್‌ನಿಂದಲೇ ಕಲೆ ಮಾಡಿದವರು. ಕೈ ಅಲ್ಲಾಡಿದರೆ ಸುರಂಗ ಬಾಗುತ್ತದೆ. ಅದೇ ಆಕಾರ ಮತ್ತೊಮ್ಮೆ ಬರುವುದಿಲ್ಲ. ಯಾವ ರೆಡಿಮೇಡ್ ಕ್ಲಿಪ್ಪಿಗೂ ಈ ಜೀವವಿಲ್ಲ.

ಕನ್ನಡ ಬರಹ ತರಹೊರಟರೆ ತೊಡಕು ಇನ್ನೊಂದು ಬಗೆಯದು. ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ಎಷ್ಟೋ ಎಫೆಕ್ಟುಗಳ ಹಿಂದೆ ಇರುವುದು ರೋಮನ್ ಲಿಪಿಯ ಲೆಕ್ಕಾಚಾರ. ‘ರಾಷ್ಟ್ರ’ ನಮಗೆ ಎರಡೇ ಅಕ್ಷರ, ಯುನಿಕೋಡ್‌ಗೆ ಏಳು ಸಂಕೇತ. ಸಂಕೇತಕ್ಕೊಂದರಂತೆ ಮೂಡಿಸಿದರೆ ‘ರಾಷ’, ‘ರಾಷ್’, ‘ರಾಷ್ಟ’ ಎಂದು ಪದ ಪ್ರತಿ ಹೆಜ್ಜೆಗೂ ವೇಷ ಬದಲಿಸುತ್ತದೆ. ಸಂಕೇತಗಳನ್ನು ಬಿಡಿಬಿಡಿಯಾಗಿ ಚಲಿಸುವಂತೆ ಮಾಡಿದರಂತೂ ಒತ್ತಕ್ಷರ ಕಳಚಿ ಬೀಳುತ್ತದೆ. ಒಡೆಯಬೇಕಾದದ್ದು ಸಂಕೇತದಲ್ಲಿ ಅಲ್ಲ, ಅಕ್ಷರದಲ್ಲಿ. ಇದು ತಂತ್ರಾಂಶ ಬರೆಯುವವರು ಕಲಿಯಬೇಕಾದ ಪಾಠ, ನಾವು ಸಹಿಸಿಕೊಳ್ಳಬೇಕಾದ ಕೊರತೆಯಲ್ಲ.

ರಾಜ್ಯೋತ್ಸವಕ್ಕೆ ಎಲ್‌ಇಡಿ ಗೋಡೆ ಹಚ್ಚುವ ಗೆಳೆಯರು ಹಿಂದಿನ ದಿನವೇ ‘ಸ್ತ್ರೀ’, ‘ರಾಷ್ಟ್ರ’ ಎಂದು ಟೈಪಿಸಿ, ಚಲಿಸುವಂತೆ ಮಾಡಿ ನೋಡಲಿ. ಒಡೆದರೆ ಪ್ರತಿ ಅಕ್ಷರವನ್ನೂ ಬೇರೆ ಕಡೆ ಚಿತ್ರವಾಗಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ತಂದು ಹಾಕಲಿ.