ಪ್ಯಾಕೆಟ್ಟಿನ ಹಿಂಬದಿಯ ಲೇಖಕಿ

ಆನ್‌ಸೈಟ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ನೆಸ್ಲೆ ಟೋಲ್ ಹೌಸ್‌ನ ಹಳದಿ ಪ್ಯಾಕೆಟ್ಟೊಂದನ್ನು ಕೈಗಿಟ್ಟರು. ಒಳಗೆ ಚಾಕಲೇಟ್ ಚಿಪ್ಸ್, ಹಿಂಬದಿಯಲ್ಲಿ ಕುಕ್ಕಿ ಮಾಡುವ ವಿಧಾನ. ಚಿಪ್ಸ್ ಖಾಲಿಯಾಗಿ ತಿಂಗಳುಗಳೇ ಆದವು, ಪ್ಯಾಕೆಟ್ ಇನ್ನೂ ನಮ್ಮ ಫ್ರಿಜ್ ಬಾಗಿಲ ಮೇಲಿದೆ. ಇಷ್ಟೊಂದು ಜನ ಓದಿ, ಪಾಲಿಸಿ, ಲೇಖಕರು ಯಾರು ಅಂತ ಕೇಳದೇ ಬಿಟ್ಟ ಬರಹ ಬೇರೆ ಇರಲಿಕ್ಕಿಲ್ಲ. ಅದಕ್ಕೇ ಒಮ್ಮೆ ವಿಮರ್ಶಕನ ಹಾಗೆ ಕೂತು ಓದೋಣ ಅನ್ನಿಸಿತು.

ಬರಹ ಚಿಕ್ಕದು. ಹತ್ತು ಸಾಮಾನು, ಬಳಸುವ ಕ್ರಮದಲ್ಲೇ ಪಟ್ಟಿ. ಬೆಣ್ಣೆ ಸಕ್ಕರೆಗೆ ‘ಬೀಟ್’ ಅನ್ನುವ ಕ್ರಿಯಾಪದ, ಕೊನೆಗೆ ಚಿಪ್ಸ್ ಹಾಕುವಾಗ ‘ಸ್ಟರ್’. ಎಲ್ಲಿ ಜೋರಾಗಿ ಕೈಯಾಡಿಸಬೇಕು, ಎಲ್ಲಿ ಸುಮ್ಮನೆ ಬೆರೆಸಿದರೆ ಸಾಕು ಅನ್ನೋದು ಆ ಎರಡೇ ಪದದಲ್ಲಿ ಬಂದುಬಿಟ್ಟಿದೆ. ಕೆಳಗೆ ಸೋಮಾರಿಗಳಿಗೊಂದು ದಾರಿಯೂ ಇದೆ: ಒಂದೊಂದೇ ಉಂಡೆ ಇಡುವ ಬದಲು ಹಿಟ್ಟನ್ನೆಲ್ಲ 15x10 ಇಂಚಿನ ತಟ್ಟೆಗೆ ಹರಡಿ, 20ರಿಂದ 25 ನಿಮಿಷ ಬೇಯಿಸಿ, ಬಾರ್ ಮಾಡಿ ಕತ್ತರಿಸಿ. ನಾನು ಮಾಡಿದ್ದು ಇದನ್ನೇ.

ಲೇಖಕಿಯ ಹೆಸರು ರೂತ್ ವೇಕ್‌ಫೀಲ್ಡ್. 1924ರಲ್ಲಿ ಫ್ರೇಮಿಂಗ್‌ಹ್ಯಾಮ್‌ನ ನಾರ್ಮಲ್ ಸ್ಕೂಲಿನಲ್ಲಿ ಗೃಹವಿಜ್ಞಾನ ಓದಿ ಮುಗಿಸಿ, ಡಯಟೀಷಿಯನ್ ಆಗಿ ಕೆಲಸ ಮಾಡಿದವಳು. 1930ರಲ್ಲಿ ಗಂಡನ ಜೊತೆ ಮ್ಯಾಸಚೂಸೆಟ್ಸ್‌ನ ವಿಟ್‌ಮನ್‌ನಲ್ಲಿ ಟೋಲ್ ಹೌಸ್ ಇನ್ ಶುರು ಮಾಡಿದಳು. ಕುಕ್ಕಿ 1938ರ ಆಕೆಯ ಪುಸ್ತಕದಲ್ಲಿ ಬಂತು. ಮರುವರ್ಷವೇ ನೆಸ್ಲೆ ಚಿಪ್ಸ್ ಮಾರತೊಡಗಿತು.

ಆದರೆ ಜನ ಹೇಳುವ ಕತೆ ಬೇರೆ. ಬೇಕಿಂಗ್ ಚಾಕಲೇಟ್ ಮುಗಿದಿತ್ತಂತೆ, ಕೈಗೆ ಸಿಕ್ಕ ಚಾಕಲೇಟನ್ನೇ ಮುರಿದು ಹಾಕಿದಳಂತೆ, ಕರಗುತ್ತೆ ಅಂದುಕೊಂಡರೆ ಕರಗಲಿಲ್ಲವಂತೆ. ಇನ್ನೊಂದು ಕತೆಯಲ್ಲಿ ಮಿಕ್ಸರ್ ಅದುರಿ ಕಪಾಟಿನ ಚಾಕಲೇಟೇ ಹಿಟ್ಟಿಗೆ ಬಿತ್ತಂತೆ! ಆಹಾರದ ವಿಜ್ಞಾನ ಓದಿದ ಹೆಂಗಸಿಗೆ ಚಾಕಲೇಟ್ ಒಲೆಯಲ್ಲಿ ಹೇಗಿರುತ್ತೆ ಅಂತ ಗೊತ್ತಿರಲಿಲ್ಲ ಅಂತ ನಾವು ನಂಬಬೇಕು. ಬೇಕೆಂದೇ ಮಾಡಿದ್ದು, ಹೊಸದೇನಾದರೂ ಕೊಡೋಣ ಅಂತ ಹೊರಟಿದ್ದು ಎಂದು ಆಕೆಯೇ ಹೇಳಿದ್ದಳು. ಪುಸ್ತಕದ ಪಾಠದಲ್ಲಿ ಚಾಕಲೇಟನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಬೇಕು ಅಂತಿದೆ. ಪುಸ್ತಕ ಬಂದದ್ದು ಆಮೇಲೆ, ಒಪ್ಪಿದೆ. ಆದರೂ ಬಟಾಣಿ ಗಾತ್ರ ಅಂತ ಬರೆಯೋಳು ಕೈತಪ್ಪಿ ಬೀಳಿಸಿದವಳ ಥರ ಕಾಣಿಸುತ್ತಾಳಾ, ನೀವೇ ಹೇಳಿ.

ಈಗ ನನ್ನ ಅಡುಗೆಮನೆಗೆ ಬನ್ನಿ. ಕಳೆದ ಏಪ್ರಿಲ್‌ನಲ್ಲಿ ಅಮ್ಮ ಬೆಂಗಳೂರಿಗೆ ಬಂದಿದ್ದಾಗ ನಾನು ಮೊದಲ ತಟ್ಟೆ ಕೆಡಿಸಿದೆ. ಅಂಗಡಿಯ ಬೆಣ್ಣೆಯಲ್ಲೇ ಉಪ್ಪಿತ್ತು, ಪ್ಯಾಕೆಟ್ ಹೇಳಿದ ಉಪ್ಪನ್ನೂ ಸುರಿದಿದ್ದೆ. ಬ್ರೌನ್ ಶುಗರ್‌ಗೆ ಅಲ್ಲಿ ‘ಪ್ಯಾಕ್ಡ್’ ಅನ್ನುವ ವಿಶೇಷಣವಿದೆ, ಅಂದರೆ ಒದ್ದೆ ಮರಳಿನ ಹಾಗೆ ಅದುಮಿದರೆ ಕಪ್ಪಿನೊಳಗೆ ಕೂರಬೇಕು. ನಾನು ತಂದದ್ದು ಒಣಗಿದ ಹರಳು, ಅದುಮಿದರೂ ಕೂರಲಿಲ್ಲ. ಬೆಣ್ಣೆ ಮೆತ್ತಗಾಗಲಿ ಅಂತ ಹೊರಗಿಟ್ಟಿದ್ದೆ, ಮಧ್ಯಾಹ್ನದ ಸೆಕೆಗೆ ಎಣ್ಣೆಯಾಗಿತ್ತು. ಇವೆಲ್ಲ ಬರಹದ ದೋಷ ಅಂತ ಹೇಳಲಾರೆ. ಅದು ಮ್ಯಾಸಚೂಸೆಟ್ಸ್‌ನ ಓದುಗರಿಗೆ ಬರೆದದ್ದು. ನಮ್ಮ ಕನ್ನಡದ ಅಡುಗೆ ವಿಡಿಯೋಗಳು ಅದನ್ನೇ ಕಪ್ಪು, ಚಮಚದ ಲೆಕ್ಕ ಸಮೇತ ಎತ್ತಿ ತಂದು, ಇದರಲ್ಲಿ ಒಂದನ್ನೂ ಹೇಳದೇ ಬಿಡ್ತಾವಲ್ಲ, ನನ್ನ ಜಗಳ ಅದರ ಜೊತೆ.

ಎರಡನೇ ಸಲ ಲೆಕ್ಕ ಹಾಕಿದೆ. ಅವರ ತಟ್ಟೆ 150 ಚದರ ಇಂಚು, ನನ್ನ ಓಟಿಜಿಯ ಡಬ್ಬಿ 64. ಅರ್ಧ ಅಳತೆ ಹಾಕಿದರೆ ಸ್ವಲ್ಪ ದಪ್ಪ ಬರುತ್ತೆ, ನಿಮಿಷ ಜಾಸ್ತಿ ಬೇಕು. ಎಷ್ಟು ಅಂತ ಮೊಬೈಲಿನಲ್ಲಿ ಕುಟ್ಟುತ್ತಿದ್ದೆ. ಅಮ್ಮ ಅಂದಳು, “ನಿಮಿಷ ಇರ್ಲಿ ಕಣಪ್ಪ. ಹದ ಏನು ಅಂತ ಬರ್ದವ್ಳೆ?”

ಹೊಂಬಣ್ಣ ಬರುವ ತನಕ ಅಂತಿದೆ, ಅಂದೆ.

“ಇದು ಈಗ್ಲೇ ಹಂಗೈತಲ್ಲೋ.”

ಹೌದು, ಹಿಟ್ಟೇ ಕಂದು. ಇಡೀ ಬರಹದಲ್ಲಿ ನನಗೆ ಕಂಡ ದುರ್ಬಲ ಪದ ಅದೊಂದೇ, ಹಿಡಿದದ್ದು ಅಮ್ಮ. ಅವಳು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಚು ಡಬ್ಬಿ ಬಿಡ್ತಾ ಇದೆ, ನಡುವೆ ಇನ್ನೂ ಮೆತ್ತಗಿದೆ, ಈಗ ತೆಗಿ, ಉಳಿದದ್ದು ಬಿಸಿಗೇ ಬೇಯುತ್ತೆ ಅಂದಳು. ಹೇಗೆ ಗೊತ್ತಾಯ್ತು ಅಂದರೆ ಕೊಬ್ಬರಿ ಮಿಠಾಯಿ ಲೆಕ್ಕ ಅಂದಳು.

ತಿಪಟೂರು ಕಡೆಯ ನಮ್ಮೂರಲ್ಲಿ ಅಮ್ಮನ ಕೊಬ್ಬರಿ ಮಿಠಾಯಿಗೆ ಹೆಸರಿದೆ. ಎಲ್ಲರೂ ಅವಳ ಕೈಗುಣ ಅಂತಾರೆ, ನಾನೂ ಅಂತಿದ್ದೆ. ಹೊಗಳಿಕೆ ಅಂತಲೇ ತಿಳಿದಿದ್ದೆ. ಅವತ್ತು ಕೇಳಿದ್ದಕ್ಕೆ ಹೇಳಿದಳು: ಮದುವೆಯಾದ ಹೊಸದರಲ್ಲಿ ಮೂರು ಸಲ ಪಾಕ ಸೀಯಿಸಿ ಅಜ್ಜಿಯ ಹತ್ತಿರ ಬೈಸಿಕೊಂಡಿದ್ದು, ಎಳೆ ಕಾಯಿ ಬಲಿತ ಕಾಯಿ ಬೇರೆ ಬೇರೆ ಮಾಡಿ ನೋಡಿದ್ದು. ಮೂವತ್ತನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಾನು ಓದಿದ್ದು ಬಿ.ಇ., ಆದ್ದರಿಂದ ಕಲಿತವನು. ಅವಳಿಗೆ ಗುಣ, ರೂತ್‌ಗೆ ಆಕಸ್ಮಿಕ. ಫ್ರೆಂಡ್ಸ್ ಧಾರಾವಾಹಿಯಲ್ಲಿ ಫೀಬಿಯ ಅಜ್ಜಿಯ ಗುಟ್ಟಿನ ಕುಕ್ಕಿ ಕೊನೆಗೆ ಈ ಪ್ಯಾಕೆಟ್ಟಿನದೇ ಅಂತ ಗೊತ್ತಾದಾಗ ನಾವೆಲ್ಲ ನಕ್ಕೆವಲ್ಲ, ಅದನ್ನು ಬರೆದವಳ ನೆನಪು ನಮ್ಮಲ್ಲಿ ಯಾರಿಗೆ ಬಂತು?

ಇನ್ನೊಂದು ಹೇಳಲೇಬೇಕು. ಅಮ್ಮ ಡಬ್ಬಿ ಈಚೆ ಬಂದದ್ದೇ ಚಾಕು ತಗೊಂಡು, ಕೊಬ್ಬರಿ ಮಿಠಾಯಿಗೆ ಹಾಕುವ ಹಾಗೆ ಬಿಸಿಯಲ್ಲೇ ಗೆರೆ ಎಳೆದಳು. ಪುಡಿಪುಡಿಯಾಯ್ತು. ಪಾತ್ರೆಯಲ್ಲೇ ಆರಲಿ ಅಂತ ಪ್ಯಾಕೆಟ್ಟಿನಲ್ಲಿ ಇತ್ತು, ಇಬ್ಬರೂ ಓದಿರಲಿಲ್ಲ.

ಚೂರುಗಳನ್ನು ಕಾಫಿ ಜೊತೆ ತಿಂದೆವು. ಊರಿಗೆ ಹೊರಡೋ ಮುಂಚೆ ಅಮ್ಮ ಪೆನ್ನು ಕೇಳಿ ಪ್ಯಾಕೆಟ್ಟಿನ ಖಾಲಿ ಜಾಗದಲ್ಲಿ ಎರಡು ಸಾಲು ಬರೆದಿದ್ದಾಳೆ: ‘ಬೆಣ್ಣೇಲಿ ಉಪ್ಪಿದ್ದರೆ ಉಪ್ಪು ಬೇಡ. ಪೂರ್ತಿ ಆರಿದ ಮೇಲೆ ಕುಯ್ಯಬೇಕು.’