ಐಹೊಳೆ ಬಾದಾಮಿಗಳ ವಸ್ತುಸಂಗ್ರಹಾಲಯಗಳು: ಒಂದು ವಿಮರ್ಶೆ

ಸ್ಥಾವರವನ್ನು ಬಿಟ್ಟು ಅಂಗೈಯ ಇಷ್ಟಲಿಂಗವನ್ನು ನೆಚ್ಚಿದ ಸಮಾಜದ ಪತ್ರಿಕೆಯಲ್ಲಿ, ಮುಕ್ಕಾದ ವಿಗ್ರಹಗಳನ್ನು ಇರಿಸಿದ ಮನೆಗಳನ್ನು ಕುರಿತು ಬರೆಯುವುದು ಉಚಿತವೇ ಎಂದು ಕೆಲವು ವಾಚಕರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಆದರೆ ಬಸವಣ್ಣನವರು ಬಾಲ್ಯದಲ್ಲಿ ವಿದ್ಯೆ ಕಲಿತ ಕೂಡಲಸಂಗಮವೂ ಚಾಲುಕ್ಯರ ಐಹೊಳೆಯೂ ಒಂದೇ ಹುನಗುಂದ ತಾಲ್ಲೂಕಿನ ಮಣ್ಣಿನವು. ಪಟ್ಟದಕಲ್ಲು ಐಹೊಳೆಗಳ ಗುಡಿಗಳ ಬುಡವನ್ನು ತೊಳೆದು ಬಂದ ಮಲಪ್ರಭೆಯೇ ಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಶರಣರು ಏನನ್ನು ಬಿಟ್ಟರು ಎಂಬುದನ್ನು ಕಣ್ಣಾರೆ ಕಾಣದವನಿಗೆ ಅವರು ಏನನ್ನು ಹಿಡಿದರು ಎಂಬುದರ ಬೆಲೆ ಪೂರ್ತಿಯಾಗಿ ತಿಳಿಯಲಾರದು. ಕಲ್ಲಿನಲ್ಲಿ ಅಷ್ಟು ಸಾಧಿಸಿದ ನಾಡಿನಲ್ಲಿ ಹುಟ್ಟಿಯೂ ಕಲ್ಲನ್ನು ದಾಟಿದವರ ಪರಂಪರೆ ನಮ್ಮದು. ಆದ್ದರಿಂದ ಈ ಸಂಗ್ರಹಾಲಯಗಳು ನಮಗೆ ಹೊರಗಿನವಲ್ಲ. ಅವುಗಳ ಗುಣದೋಷಗಳೂ ನಮಗೆ ಸಂಬಂಧಿಸದ ವಿಷಯವಲ್ಲ.

ಎರಡೂ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸೇರಿದವು. ಐಹೊಳೆಯದು 1970ರಲ್ಲಿ ಬಿಡಿ ಶಿಲ್ಪಗಳನ್ನು ಕೂಡಿಡುವ ಒಂದು ಆಸರೆಯಾಗಿ ಆರಂಭವಾಗಿ 1987ರಲ್ಲಿ ಪೂರ್ಣ ಸಂಗ್ರಹಾಲಯವಾಯಿತು. ಬಾದಾಮಿಯದು 1979ರಲ್ಲಿ ಹಾಗೆಯೇ ಮೊದಲಾಗಿ 1982ರಲ್ಲಿ ಈಗಿನ ರೂಪ ಪಡೆಯಿತು. ಈ ಹಿನ್ನೆಲೆಯನ್ನು ಹೇಳಲು ಕಾರಣವುಂಟು. ಇವು ಯಾರೋ ಶ್ರೀಮಂತರು ದೇಶಾಂತರಗಳಿಂದ ತರಿಸಿ ಜೋಡಿಸಿದ ಸಂಗ್ರಹಗಳಲ್ಲ. ಹೊಲದ ಬದುವಿನಲ್ಲಿ, ಹಾಳುಗೋಡೆಯಲ್ಲಿ, ಹೊಂಡದ ದಂಡೆಯಲ್ಲಿ ಬಿದ್ದಿದ್ದುದನ್ನು ಬಿದ್ದ ಊರಿನಲ್ಲಿಯೇ ಉಳಿಸಿಕೊಂಡ ಮನೆಗಳು. ಇದು ಸಣ್ಣ ಉಪಕಾರವಲ್ಲ. ಇಂತಹ ಏರ್ಪಾಡು ಇಲ್ಲದಿದ್ದ ಕಾಲದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಮಹಾಕೂಟದ ಸ್ತಂಭವೇ ಸಾಕ್ಷಿ. ಮಂಗಳೇಶನ ಕಾಲದ ಆ ಧರ್ಮಜಯಸ್ತಂಭವು ಮಕುಟೇಶ್ವರನಿಗೆ ಹತ್ತು ಗ್ರಾಮಗಳ ದತ್ತಿ ಸಂದುದನ್ನು, ರಾಣಿ ದುರ್ಲಭದೇವಿಯ ಹೆಸರಿನೊಡನೆ ಹೇಳುತ್ತದೆ. ಆದರೆ ಅದನ್ನು ನೋಡಬೇಕೆಂಬ ಮಹಾಕೂಟದ ಭಕ್ತನು ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಆವರಣದ ಸಂಗ್ರಹಾಲಯವನ್ನು ಹೊಗಬೇಕು. ಅಲ್ಲಿ ಅದು ಸುರಕ್ಷಿತವಾಗಿದೆ, ನಿಜ. ಆದರೆ ಹೊಂಡದ ನೀರಿನ ಪಕ್ಕದಲ್ಲಿ ನಿಂತು ಆ ಹತ್ತು ಹಳ್ಳಿಗಳ ದಿಕ್ಕಿಗೆ ಮುಖಮಾಡಿದಾಗ ಸ್ತಂಭವು ಹೇಳುವ ಮಾತು ಒಂದು. ಪರಸ್ಥಳದ ಮೊಗಸಾಲೆಯಲ್ಲಿ ಅದು ಹೇಳುವ ಮಾತು ಇನ್ನೊಂದು.

ಬಾದಾಮಿಯ ಸಂಗ್ರಹಾಲಯದ ನೆಲೆಯೇ ಅದರ ದೊಡ್ಡ ಭಾಗ್ಯ. ಅಗಸ್ತ್ಯತೀರ್ಥದ ದಂಡೆ, ಬೆನ್ನಿಗೆ ಉತ್ತರ ಕೋಟೆಯ ಕೆಂಬಂಡೆ, ಎದುರಿನ ಗುಡ್ಡದಲ್ಲಿ ಗುಹಾಲಯಗಳು. ಅದೇ ಉತ್ತರ ಬೆಟ್ಟದ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು 543ರಲ್ಲಿ ಕೋಟೆ ಕಟ್ಟಿಸಿದುದನ್ನು ಹೇಳುವ ಶಾಸನವಿದೆ. ಎದುರಿನ ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಒಳಗೆ ಎರಡೂ ಮುಖಗಳಲ್ಲಿ ಕೆತ್ತಿದ ಮಕರತೋರಣವೊಂದುಂಟು. ಅದನ್ನು ಸುತ್ತಿ ನೋಡಬೇಕು, ಮುಂದಿನಿಂದ ನೋಡಿ ಹೋದವರು ಅರ್ಧವನ್ನೇ ಕಂಡಂತೆ. ಶಿಡಿಲಪಡಿಯ ಪ್ರಾಗೈತಿಹಾಸಿಕ ಕಲ್ಲಾಸರೆಯ ಪ್ರತಿಕೃತಿಯನ್ನು ಮಾಡಿ ನಿಲ್ಲಿಸಿದ್ದು ಜಾಣತನದ ಕೆಲಸ. ರಾಜರಿಗಿಂತ ಮೊದಲೂ ಈ ಕಣಿವೆಯಲ್ಲಿ ಮನುಷ್ಯರಿದ್ದರೆಂಬುದನ್ನು ಶಾಲೆಯ ಮಕ್ಕಳು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತಾರೆ.

ಇಷ್ಟು ಹೇಳಿದ ಮೇಲೆ ಆಕ್ಷೇಪಕ್ಕೆ ಬರಬಹುದು. ಇವುಗಳಲ್ಲಿ ಅರಸರ ಇತಿಹಾಸ ಮುಗಿದಲ್ಲಿಗೆ ಇತಿಹಾಸವೇ ಮುಗಿದಂತಾಗುತ್ತದೆ. ಕಲ್ಲು ಉಂಟು, ಕಾಲವುಂಟು, ಶೈಲಿಯ ಹೆಸರುಂಟು. ಆ ಕಲ್ಲಿನೊಡನೆ ಸಾವಿರ ವರ್ಷ ಬಾಳಿದ ಊರು ಮಾತ್ರ ಕಾಣಿಸದು.

ಐಹೊಳೆಯ ಗುಡಿಗಳ ಹೆಸರುಗಳನ್ನೇ ನೋಡಿರಿ. ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ, ಲಾಡಖಾನ ಗುಡಿ. ಇವು ಯಾವ ಶಿಲ್ಪಶಾಸ್ತ್ರದಿಂದಲೂ ಬಂದ ಹೆಸರುಗಳಲ್ಲ, ಚಕ್ರವರ್ತಿಗಳು ಇಟ್ಟವೂ ಅಲ್ಲ. ಬಹುಮಟ್ಟಿಗೆ ಇವು ಆ ಗುಡಿಗಳಲ್ಲಿ, ಗುಡಿಗಳ ನೆರಳಿನಲ್ಲಿ ಬಾಳಿದವರ ಹೆಸರುಗಳು. ಲಾಡಖಾನ ಎಂಬ ಮುಸಲ್ಮಾನನು ಒಂದು ಕಾಲಕ್ಕೆ ಒಳಗೆ ವಾಸವಾಗಿದ್ದನೆಂದು, ಲಿಂಗವೂ ನಂದಿಯೂ ಇರುವ ಗುಡಿ ಇಂದಿಗೂ ಅವನ ಹೆಸರಿನಿಂದ ನಡೆಯುತ್ತಿದೆ. ಊರವರು ಅದನ್ನು ಬದಲಿಸಲೂ ಇಲ್ಲ, ಅದಕ್ಕಾಗಿ ಬೇಸರಪಡಲೂ ಇಲ್ಲ. ಇದೇ ಗುಡಿಯನ್ನು ವಿದ್ವಾಂಸರು ಬಹುಕಾಲ ಐದನೆಯ ಶತಮಾನದ್ದೆಂದು ಹೇಳುತ್ತಿದ್ದರು. ಅನಂತರದ ಸಂಶೋಧಕರು ಅದನ್ನು ಏಳನೆಯ ಶತಮಾನದ ಕೊನೆಗೋ ಎಂಟನೆಯದರ ಮೊದಲಿಗೋ ತಂದರು. ಶತಮಾನ ಬದಲಾಯಿತು, ಲಾಡಖಾನ ಬದಲಾಗಲಿಲ್ಲ! ದುರ್ಗದ ಗುಡಿಯ ಗತಿ ಇದಕ್ಕೆ ತಿರುಗುಮುರುಗು. ಕೋಟೆಗೆ ಹತ್ತಿದ್ದರಿಂದ ದುರ್ಗದ ಗುಡಿ ಎನಿಸಿಕೊಂಡದ್ದನ್ನು ಹೊರಗಿನಿಂದ ಬಂದವರು ದುರ್ಗಾದೇವಿಯ ಗುಡಿಯೆಂದು ತಿಳಿದು ಕೈಮುಗಿದು ಹೋಗುತ್ತಾರೆ. ಹೆಸರಿನ ಹಿಂದಿರುವ ಊರನ್ನು ಮರೆತರೆ ಅರ್ಥವೂ ಹೀಗೆ ಜಾರಿಹೋಗುತ್ತದೆ.

ಗುಡಿಗಳಿಂದ ಈ ನಿವಾಸಿಗಳನ್ನು ಹೊರಡಿಸಿದ್ದು ಸಂರಕ್ಷಣೆಯ ದೃಷ್ಟಿಯಿಂದ ಅನಿವಾರ್ಯವಾಗಿತ್ತು. ಒಲೆಯ ಹೊಗೆ, ದನದ ಕೊಂಬು ಶಿಲ್ಪಕ್ಕೆ ಹಿತವಲ್ಲ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ದುರ್ಗದ ಗುಡಿಯ ಆವರಣದಲ್ಲಿಯೇ ಇರುವ ಐಹೊಳೆಯ ಸಂಗ್ರಹಾಲಯದಲ್ಲಿ ಆರು ಅಂಕಣಗಳಿವೆ. ಸಪ್ತಮಾತೃಕೆಯರಿದ್ದಾರೆ, ಮೇಗುಟಿಯಿಂದ ಬಂದ ಅಪೂರ್ವ ಸೌಂದರ್ಯದ ಜೈನ ಅಂಬಿಕೆಯಿದ್ದಾಳೆ, ಕಣಿವೆಯ ಮಾದರಿಯೂ ಇದೆ. ಆ ಮಾದರಿಯಲ್ಲಿ ಗುಡಿಗಳನ್ನು ಗುರುತಿಸುವಂತೆ, ಒಂದೊಂದು ಗುಡಿಯಲ್ಲಿ ಯಾರಿದ್ದರು, ಅವರ ಕಸುಬು ಯಾವುದು, ಎಲ್ಲಿಗೆ ಹೋದರು ಎಂಬುದನ್ನೂ ಬರೆದಿಟ್ಟಿದ್ದರೆ ಅದು ಜಗತ್ತಿನಲ್ಲಿಯೇ ವಿರಳವಾದ ಚರಿತ್ರೆಯಾಗುತ್ತಿತ್ತು. ಅಯ್ಯಾವೊಳೆಯ ಐನೂರ್ವರು ಇಲ್ಲಿಂದ ಹೊರಟು ದಕ್ಷಿಣ ದೇಶವನ್ನೆಲ್ಲ ವ್ಯಾಪಾರದಿಂದ ಸುತ್ತಿದವರು, ಅವರನ್ನು ನೆನೆಯುತ್ತೇವೆ. ಅಂಬಿಗೇರ ಗುಡಿಯ ಅಂಬಿಗನನ್ನು ಏಕೆ ನೆನೆಯಬಾರದು? ಅಂಬಿಗರ ಚೌಡಯ್ಯನನ್ನು ಶರಣರ ಸಾಲಿನಲ್ಲಿ ಕೂಡ್ರಿಸಿಕೊಂಡವರು ನಾವು. ಈ ಪ್ರಶ್ನೆಯನ್ನು ನಾವಲ್ಲದೆ ಮತ್ತಾರು ಕೇಳಬೇಕು?

ಇನ್ನೊಂದು ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದುದು. ನಾಗನಾಥಕೊಳ್ಳದಿಂದ ತಂದ, ಶಿರಸ್ಸಿನ ಸ್ಥಾನದಲ್ಲಿ ತಾವರೆಯುಳ್ಳ ಲಜ್ಜಾಗೌರಿಯ ವಿಗ್ರಹ ಬಾದಾಮಿಯ ಸಂಗ್ರಹಾಲಯದ ಅತ್ಯಂತ ಪ್ರಸಿದ್ಧ ವಸ್ತು. ದೇಶವಿದೇಶಗಳ ಗ್ರಂಥಗಳಲ್ಲಿ ಅದರ ಚಿತ್ರವಿದೆ. ನಮ್ಮ ಊರುಗಳ ಗಂಡಸರು ಅದರೆದುರು ತಡಬಡಿಸಿ ಮುಂದೆ ಸಾಗುತ್ತಾರೆ. ಮೇಷ್ಟರು ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ಯುತ್ತಾರೆ. ಆದರೆ ಐಹೊಳೆಯ ಸಮೀಪದ ಸಿದ್ದನಕೊಳ್ಳದಲ್ಲಿ ಇದೇ ದೇವಿ ಇಂದಿಗೂ ಅರಿಶಿನ ಕುಂಕುಮ ಪಡೆಯುತ್ತಾಳೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಅವಳೆದುರು ಕುಳಿತು ಯಾವ ಸಂಕೋಚವೂ ಇಲ್ಲದೆ ಹರಕೆ ಹೊರುತ್ತಾರೆ. ಒಂದೇ ಮೂರ್ತಿ, ಅಲ್ಲಿ ತಾಯಿ, ಇಲ್ಲಿ ಪ್ರದರ್ಶನದ ವಸ್ತು. ನಾವು ಹರಕೆಯ ಪಕ್ಷದವರಲ್ಲ; ಕಲ್ಲಿಗೆ ಎಣ್ಣೆ ಹಚ್ಚಿದರೆ ಸಂತಾನವಾಗುವುದೆಂದು ಈ ಪತ್ರಿಕೆ ಬೋಧಿಸಲಾರದು. ಆದರೂ ಆ ಹೆಣ್ಣುಮಕ್ಕಳಿಗೆ ಗೊತ್ತಿರುವ ಅರ್ಥವನ್ನು ಬಿಟ್ಟು ಆ ಶಿಲ್ಪವನ್ನು ವಿವರಿಸಿದರೆ ವಿವರಣೆ ಕುರುಡಾಗುತ್ತದೆ. ಸಿದ್ದನಕೊಳ್ಳದ ಪೂಜೆಯ ಒಂದು ಛಾಯಾಚಿತ್ರ, ಅಲ್ಲಿಗೆ ನಡೆದುಕೊಳ್ಳುವ ಒಬ್ಬ ಅಜ್ಜಿಯ ನಾಲ್ಕು ಮಾತು ಆ ವಿಗ್ರಹದ ಮಗ್ಗುಲಲ್ಲಿದ್ದರೆ ಮೇಷ್ಟರು ಮಕ್ಕಳನ್ನು ಬೇರೆಡೆಗೆ ಒಯ್ಯಬೇಕಾಗಿರಲಿಲ್ಲ.

ಬಾದಾಮಿಯಲ್ಲಿಯೇ ಮತ್ತೊಂದು ಕೈತಪ್ಪಿದ ಅವಕಾಶವಿದೆ. ಕೆರೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 700ರದು. ಕನ್ನಡದಲ್ಲಿ ತ್ರಿಪದಿಯ ಅತ್ಯಂತ ಹಳೆಯ ರೂಪವನ್ನು ನಾವು ಕಾಣುವುದು ಅಲ್ಲಿ. ಅದೇ ತ್ರಿಪದಿಯಲ್ಲಿ ಈ ಸೀಮೆಯ ಹೆಂಗಸರು ತಲೆಮಾರುಗಟ್ಟಲೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರು. ಹಲಸಂಗಿಯ ಗೆಳೆಯರು ಅಂತಹ ಹಾಡುಗಳನ್ನು ಸಂಗ್ರಹಿಸಿ ನಾಡಿಗೆ ಕೊಟ್ಟರು. ಬಂಡೆಗಲ್ಲು, ಬೀಸುವ ಕಲ್ಲು ಇವೆರಡರ ನಡುವೆ ಸಾವಿರದ ಮುನ್ನೂರು ವರ್ಷಗಳ ಒಂದೇ ಲಯ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಹಾಡು ಮುದುಕಿಯರ ಗಂಟಲಲ್ಲಿ ಉಳಿಯಿತು. ವರ್ಷಕ್ಕೊಂದು ದಿನ ಆ ಬಂಡೆಯ ಬಳಿ ಬಾದಾಮಿ ತಾಲ್ಲೂಕಿನ ಹಾಡುವ ಹೆಂಗಸರನ್ನು ಕೂಡಿಸಿ ಹಾಡಿಸಿದರೆ ಶಾಸನಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇಲಾಖೆ ಜನರನ್ನು ಕರೆಯುವುದೇ ಇಲ್ಲವೆಂದರೆ ಅನ್ಯಾಯವಾದೀತು. ಏಪ್ರಿಲ್ 18ರ ಪರಂಪರೆಯ ದಿನ, ಮೇ 18ರ ಸಂಗ್ರಹಾಲಯ ದಿನ, ನವೆಂಬರ್ 19ರಿಂದ 25ರ ವರೆಗಿನ ಪರಂಪರೆಯ ಸಪ್ತಾಹ ಇವೆಲ್ಲ ಪಂಚಾಂಗದಲ್ಲಿವೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಆದರೆ ಈ ಪಂಚಾಂಗ ಪ್ಯಾರಿಸಿನಲ್ಲಿ, ದೆಹಲಿಯಲ್ಲಿ ಸಿದ್ಧವಾದದ್ದು. ನಮ್ಮ ಸೀಮೆಯ ಪಂಚಾಂಗ ಬೇರೆ. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ಕೂಡಿದರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಟ್ಟಿಗೆಯ ಬಾಗಿಲು ಚೌಕಟ್ಟು, ಮಕ್ಕಳ ತೊಟ್ಟಿಲು ಮಾರಾಟವಾಗುತ್ತವೆ. ಸಂಗ್ರಹಾಲಯದ ಬಾಗಿಲಿಗೆ ಒಂದು ವರ್ಷದಲ್ಲಿ ಬಾರದಷ್ಟು ಹಳ್ಳಿಯವರು ಒಂದು ದಿನದಲ್ಲಿ ಕೂಗಳತೆಯಲ್ಲಿ ಹಾದುಹೋಗುತ್ತಾರೆ. ಚಾಲುಕ್ಯರ ನಾಲ್ಕು ಅಚ್ಚುಗಳನ್ನು, ಕಣಿವೆಯ ಒಂದು ಮಾದರಿಯನ್ನು ಹೊತ್ತು ಸಂಗ್ರಹಾಲಯವೇ ಜಾತ್ರೆಗೆ ಬರಬೇಕು. ಜಂಗಮ ಎಂಬ ಮಾತಿನ ಅರ್ಥ ಗೊತ್ತಿರುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಕಲ್ಲಿನ ಚಿತ್ತರಗಿ ಪೀಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ತೊಡಗಿದ ಮಹಾಂತ ಜೋಳಿಗೆ ಇಲ್ಲಿ ನೆನಪಾಗುತ್ತದೆ. ಕಾಣಿಕೆ ಬೇಡಲು ಹಿಡಿಯುವ ಜೋಳಿಗೆಯಲ್ಲಿ ಅವರು ಜನರ ದುಶ್ಚಟಗಳನ್ನು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವೆಂದು ಆಚರಣೆಯಲ್ಲಿದೆ. ಮುಂದೊಂದು ದಿನ ಇಳಕಲ್ಲಿನಲ್ಲಿ ಸಂಗ್ರಹಾಲಯವಾದರೆ ಕುಣಿಮಗ್ಗವೂ ಟೋಪು ತೆನೆಯ ಸೆರಗೂ ಅಲ್ಲಿರಲಿ. ಆ ಜೋಳಿಗೆಯನ್ನು ಮಾತ್ರ ಗಾಜಿನ ಕಪಾಟಿನಲ್ಲಿ ತೂಗಿಬಿಡುವ ಅವಸರ ಬೇಡ. ಅದರ ಕೆಲಸ ಇನ್ನೂ ಬೀದಿಯಲ್ಲಿದೆ.

ಬಾಗಲಕೋಟೆಯ ಕಥೆ ಬೇರೆ ಬಗೆಯದು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಏರಿದರು. ನಾಗಾರ್ಜುನಸಾಗರದಲ್ಲಿ ಬೌದ್ಧರ ನಾಗಾರ್ಜುನಕೊಂಡ ಮುಳುಗುವಾಗ ಉತ್ಖನನ ಮಾಡಿ, ಅವಶೇಷಗಳನ್ನು ನಡುಗಡ್ಡೆಯ ಮೇಲೆ ಒಂದು ಸಂಗ್ರಹಾಲಯದಲ್ಲಿ ಇರಿಸಿದರು. ಅದು ಸಾವಿರದ ಏಳುನೂರು ವರ್ಷದ ಹಳೆಯ ಊರು, ಆದ್ದರಿಂದ ಅದಕ್ಕೆ ಆ ಮರ್ಯಾದೆ. ನೂರಿನ್ನೂರು ವರ್ಷದ ಪಡಸಾಲೆ, ಕೆತ್ತನೆಯ ಬಾಗಿಲು, ಜವಳಿ ಅಂಗಡಿಯ ಖಾತೆವಹಿ ಇವುಗಳಿಗೆ ಪರಿಹಾರದ ಹಣ ಬಂದೀತು. ಗೌರವ ಬರಲು ಇನ್ನೆಷ್ಟು ವರ್ಷ ಕಾಯಬೇಕು?

ಇಷ್ಟೆಲ್ಲ ಇಲಾಖೆಯ ಕಡೆಗೆ ಬೆರಳು ತೋರಿಸಿದ ಮೇಲೆ ನಮ್ಮ ಕಡೆಗೂ ತಿರುಗಬೇಕು. ರಬಕವಿಯ ಮನೆಯೊಂದರಲ್ಲಿ ಕಂಡ ತಾಡವೋಲೆಗಳು ಫ. ಗು. ಹಳಕಟ್ಟಿಯವರನ್ನು ವಚನಗಳ ಬೆನ್ನು ಹತ್ತಿಸಿದವೆಂಬುದು ಪ್ರಸಿದ್ಧ. ಮನೆಮನೆಯ ಜಗುಲಿಯಲ್ಲಿ ವಿಭೂತಿ ಪತ್ರಿಗಳಿಂದ ಪೂಜೆಗೊಳ್ಳುತ್ತಿದ್ದ, ಆದರೆ ಯಾರೂ ಬಿಚ್ಚಿ ಓದದ ಕಟ್ಟುಗಳನ್ನು ಅವರು ಬೇಡಿ ತಂದು, ಓದಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1925ರಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಪೂಜೆಯೊಂದನ್ನೇ ಮಾಡುತ್ತ ಕುಳಿತಿದ್ದರೆ ಆ ಓಲೆಗಳು ಗೆದ್ದಲಿನ ಪಾಲಾಗುತ್ತಿದ್ದವು. ಸಂಗ್ರಹಾಲಯವು ಓಲೆಯನ್ನು ಗಾಜಿನೊಳಗೆ ಇಟ್ಟು ಓದಗೊಡುವುದಿಲ್ಲವೆಂದು ಆಕ್ಷೇಪಿಸುವ ನಾವು, ಮಠದ ಪೆಟ್ಟಿಗೆಯೊಳಗೆ ಇಟ್ಟು ನೋಡಗೊಡದಿರುವುದುಂಟು. ಸನದು, ತಾಮ್ರಪಟ, ಹಸ್ತಪ್ರತಿ ಇವುಗಳ ಪಟ್ಟಿಯನ್ನಾದರೂ ಅಚ್ಚು ಹಾಕಿಸಿದ ಮಠಗಳೆಷ್ಟು? ಈ ಮಾತು ಕಟುವೆನಿಸಿದರೆ ಪೂಜ್ಯರು ಕ್ಷಮಿಸಬೇಕು.

ಐಹೊಳೆಯಲ್ಲಿ ಗುಡಿಗಳಿಗೆ ಹತ್ತಿಕೊಂಡ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ದಶಕಗಳಿಂದ ನಡೆದುಬಂದಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ಇಲ್ಲಿ ಸ್ಥಳವಿಲ್ಲ. ಆದರೆ ಒಂದು ಕೆಲಸ ಅದಕ್ಕೂ ಮೊದಲು ಆಗಬೇಕು. ಯಾವ ಗುಡಿಯ ಮಗ್ಗುಲಲ್ಲಿ ಯಾರ ಮನೆ, ಮನೆತನದ ಅಡ್ಡಹೆಸರೇನು, ಗೋಡೆಯಲ್ಲಿ ಎಲ್ಲಿಯ ಕಲ್ಲು ಸೇರಿದೆ, ಆ ಗುಡಿಗೆ ಅಜ್ಜಂದಿರು ಯಾವ ಹೆಸರು ಹೇಳುತ್ತಿದ್ದರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ದೊಡ್ಡ ವಿದ್ವಾಂಸರು ಬೇಕಿಲ್ಲ. ಹುನಗುಂದ, ಇಳಕಲ್ಲುಗಳ ಪ್ರೌಢಶಾಲೆಯ ಮಕ್ಕಳಿಗೆ ಒಂದು ಬೇಸಿಗೆಯ ರಜೆ ಸಾಕು. ಅವರ ಮಧ್ಯಾಹ್ನದ ಪ್ರಸಾದಕ್ಕೆ ಸುತ್ತಲಿನ ಮಠಗಳಲ್ಲಿ ದಾಸೋಹದ ಒಲೆಗಳಿವೆ. ಹಾಗೆ ಬರೆದ ವಹಿಯ ಒಂದು ಪ್ರತಿ ಸಂಗ್ರಹಾಲಯದಲ್ಲಿರಲಿ, ಇನ್ನೊಂದು ಊರ ಪಂಚಾಯತಿಯಲ್ಲಿರಲಿ.