ಅಪ್‌ಡೇಟ್ ಬಂತು, ಸಿಗ್ನಲ್ ಎಲ್ಲಿ?

ಕಳಸದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಕೈಕೊಡುತ್ತದೆ. ಆ ಹೊತ್ತಿಗೇ ಬಿಜಿಎಂಐ ಎಂಬ ಮೊಬೈಲ್ ಆಟಕ್ಕೆ ಹೊಸ ಅಪ್‌ಡೇಟ್ ಬಂದರೆ, ಎಸ್ಟೇಟಿನ ಹುಡುಗರು ಕೊಡೆ ಹಿಡಿದು ಸಿಗ್ನಲ್ ಸಿಗುವ ತಿರುವಿಗೆ ಹೋಗಿ ನಿಲ್ಲಬೇಕು. ಎರಡು ಪಾಯಿಂಟ್ ಕಂಡರೆ ಡೌನ್‌ಲೋಡ್ ಅರ್ಧದವರೆಗೆ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ, ಆಡಲು ದುಡ್ಡು ಕೊಡಬೇಕಿಲ್ಲ. ಕಂಪನಿಯ ಸಂಪಾದನೆಯೆಲ್ಲ ಮೇಲಿನ ಅಲಂಕಾರದಲ್ಲಿದೆ: ಬಂದೂಕಿನ ಬಣ್ಣ, ವೇಷ, ರಾಯಲ್ ಪಾಸ್. ಇವಕ್ಕೆ ಯುಸಿ ಎಂಬ ಆಟದೊಳಗಿನ ನಾಣ್ಯ ಬೇಕು, ಯುಸಿಗೆ ರೂಪಾಯಿ ಬೇಕು. ಕಾಫಿ ಕೊಯ್ಲಿನ ಕೂಲಿಯಲ್ಲಿ ಉಳಿಸಿ ಕೊಂಡ ವೇಷ ನಾಳೆಯೂ ಇರುತ್ತದೆಯೇ ಎಂದು ಕೇಳುವುದು ಹಟವಲ್ಲ, ಗಿರಾಕಿಯ ಹಕ್ಕು.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಆಟದ ಹಿಂದಿನ ರೂಪವಾದ ಪಬ್ಜಿ ಮೊಬೈಲನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಕೂಡ ಬಂದ್. 2021ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಬಿಜಿಎಂಐ ತಂದಾಗ, ಹಳೆಯ ಖಾತೆಯಲ್ಲಿದ್ದ ಸಾಮಾನನ್ನು ಹೊಸದಕ್ಕೆ ಸಾಗಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಆಟಗಾರರ ವಿಶ್ವಾಸ ಗಳಿಸಲು ಕಂಪನಿ ಮಾಡಿದ ಅತ್ಯುತ್ತಮ ಕೆಲಸ ಅದೇ. ಆದರೆ 2022ರ ಜುಲೈ 28ರಂದು ಸರ್ಕಾರದ ಆದೇಶದಂತೆ ಗೂಗಲ್, ಆ್ಯಪಲ್ ಎರಡೂ ಸ್ಟೋರ್‌ಗಳಿಂದ ಬಿಜಿಎಂಐ ಮಾಯವಾಯಿತು. ಫೋನಿನಲ್ಲಿ ಇದ್ದವರಿಗೆ ಆಟ ನಡೆಯುತ್ತಿತ್ತು. ಫೋನ್ ಬದಲಿಸಿದವರಿಗೆ ಬಾಗಿಲು ಮುಚ್ಚಿತು. ಆ ಆದೇಶ ಕಂಪನಿಯ ಕೈಯಲ್ಲಿರಲಿಲ್ಲ, ನಿಜ. ಆದರೂ 2023ರ ಮೇ ತಿಂಗಳಲ್ಲಿ ಆಟ ಮರಳುವ ತನಕ ಹುಡುಗರು ನೆಚ್ಚಿಕೊಂಡದ್ದು ಯೂಟ್ಯೂಬರ್‌ಗಳ ‘ಬರ್ತಾ ಇದೆ, ಬರ್ತಾ ಇದೆ’ ಎಂಬ ಮಾತನ್ನು. ಅದರಲ್ಲಿ ಲಾಭವಾದದ್ದು ಯೂಟ್ಯೂಬರ್‌ಗಳಿಗೆ ಮಾತ್ರ.

ಮಾತು ಕೊಟ್ಟು ಸುಮ್ಮನಾಗುವವರದು ಇನ್ನೊಂದು ಜಾತಿ. ಈಗ ಬೆಂಗಳೂರಿನಲ್ಲೂ ಸ್ಟುಡಿಯೊ ಇಟ್ಟುಕೊಂಡಿರುವ ಆಟದ ಕಂಪನಿ ರಾಕ್‌ಸ್ಟಾರ್, ತನ್ನ ಜಿಟಿಎ 5 ಆಟದ ಕಥೆಗೆ ಮರುವರ್ಷ ದೊಡ್ಡ ಸೇರ್ಪಡೆ ಬರಲಿದೆಯೆಂದು 2013ರಲ್ಲಿ ಹೇಳಿತ್ತು. ಬರಲಿಲ್ಲ. ಅದು ಸಾಧ್ಯವೂ ಆಗಲಿಲ್ಲ, ಅಗತ್ಯವೂ ಕಾಣಲಿಲ್ಲ ಎಂದು ಕಂಪನಿಯವರು ಬಾಯಿಬಿಟ್ಟದ್ದು 2017ರಲ್ಲಿ. ಅಷ್ಟರಲ್ಲಿ ಜಿಟಿಎ ಆನ್‌ಲೈನ್ ದುಡ್ಡು ಸುರಿಸತೊಡಗಿತ್ತು.

ಮತ್ತೆ ಅಪ್‌ಡೇಟಿನ ಮಾತಿಗೆ ಬಂದರೆ, ಹೊರದೇಶಗಳ ಪಬ್ಜಿ ಮೊಬೈಲಿನ ಅಪ್‌ಡೇಟ್ ಟಿಪ್ಪಣಿಗಳ ಒಂದು ರೂಢಿಯನ್ನು ಮೆಚ್ಚಲೇಬೇಕು: ಫೋನಿನಲ್ಲಿ ಎಷ್ಟು ಜಾಗ ಬೇಕೆಂದು ಮೊದಲೇ ತಿಳಿಸುತ್ತವೆ. ನಮ್ಮ ಬಿಜಿಎಂಐಯಲ್ಲೂ ಮ್ಯಾಪ್‌ಗಳನ್ನು ಬಿಡಿಬಿಡಿಯಾಗಿ ಇಳಿಸಿಕೊಳ್ಳಬಹುದು. ಎರಂಗೆಲ್ ಒಂದೇ ಸಾಕೆನ್ನುವವನು ಮಿರಾಮಾರನ್ನು ಬಿಟ್ಟುಬಿಡಬಹುದು. ದಿನದ ಡೇಟಾ ಲೆಕ್ಕ ಹಾಕುವ ಮೂಡಿಗೆರೆಯ ಹುಡುಗನಿಗೆ ಇದು ಹೊಸ ಬಂದೂಕಿಗಿಂತ ದೊಡ್ಡ ಉಪಕಾರ. ಆದರೆ ಪಬ್ಜಿಯ ಅದೇ ಟಿಪ್ಪಣಿಗಳಲ್ಲಿ, ಇಂಥ ದಿನದೊಳಗೆ ಅಪ್‌ಡೇಟ್ ಮಾಡಿಕೊಂಡವರಿಗಷ್ಟೇ ಬಹುಮಾನ ಎಂಬ ಷರತ್ತೂ ಇರುತ್ತದೆ. ಇಂಥ ಷರತ್ತು ಬಿಜಿಎಂಐಯಲ್ಲಿ ಬಂದರೆ, ಪೇಟೆಯ ವೈಫೈ ಇರುವವನಿಗೆ ಅದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಘಟ್ಟದವನಿಗೆ ಮಾಡದ ತಪ್ಪಿಗೆ ದಂಡ. ಬೆಂಗಳೂರಿನಲ್ಲೇ ಕಚೇರಿ ಇರುವ ಕ್ರಾಫ್ಟನ್, ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಇಂಥ ಗಡುವುಗಳನ್ನು ಎರಡು ವಾರ ಮುಂದೆ ಹಾಕಲಿ.